ಊದಿದ ಕಾಲು, ಬೆರಳ ಸಂದು

ಆನೆಕಾಲು ರೋಗದ ಮಾತ್ರೆ ನುಂಗಿದರೆ ಊದಿದ ಕಾಲು ಇಳಿಯುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಯ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದು ಎದುರಿಗೇ ನುಂಗಿಸಿ ಹೋಗುವ ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳನ್ನೇ ಚಿಕಿತ್ಸೆಯೆಂದು ತಿಳಿದು, ಮುಂದಿನ ವರ್ಷವೂ ಕಾಲು ಹಾಗೆಯೇ ಇದ್ದಾಗ ಸರ್ಕಾರದ ಮಾತ್ರೆಯೇ ಬೋಗಸ್ ಎಂದುಬಿಡುತ್ತಾರೆ. ಮಾತ್ರೆ ಬೋಗಸ್ ಅಲ್ಲ. ರಕ್ತದಲ್ಲಿ ಓಡಾಡುವ ಮರಿಹುಳುಗಳನ್ನು ಕೊಂದು, ಕಚ್ಚಿದ ಸೊಳ್ಳೆ ಅವನ್ನು ಪಕ್ಕದ ಮನೆಗೆ ಹೊತ್ತೊಯ್ಯದಂತೆ ತಡೆಯುವುದು ಅದರ ಕೆಲಸ. ಅದು ಊರಿಗೆ ಕೊಡುವ ಮಾತ್ರೆ. ಆಗಲೇ ಊದಿಕೊಂಡಿರುವ ಕಾಲಿಗೆ ಬೇಕಾದದ್ದು ಬೇರೆ, ಮತ್ತು ಅದು ಔಷಧ ಅಂಗಡಿಯಲ್ಲಿ ಸ್ಟ್ರಿಪ್ಪಿನಲ್ಲಿ ಸಿಗುವಂಥದ್ದಲ್ಲ.

ವೈದ್ಯರು ಲಿಂಫಿಡೀಮಾ ಎನ್ನುವ ಈ ಊತ ಹುಟ್ಟುವ ಬಗೆಯನ್ನು ತಿಳಿದರೆ ಚಿಕಿತ್ಸೆಯ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ. ಹೃದಯ ಒತ್ತಿದ ರಕ್ತ ಸೂಕ್ಷ್ಮನಾಳಗಳಲ್ಲಿ ಹರಿಯುವಾಗ ಅದರ ನೀರಿನಂಶ ಮಾಂಸ, ಚರ್ಮಗಳ ನಡುವೆ ಸದಾ ಜಿನುಗುತ್ತಿರುತ್ತದೆ. ಅದನ್ನೂ ಅದರ ಜೊತೆ ಹೊರಬಂದ ಪ್ರೋಟೀನನ್ನೂ ಎತ್ತಿಕೊಂಡು ಕತ್ತಿನ ಬುಡದ ಅಭಿಧಮನಿಗೆ ಮರಳಿ ತಲುಪಿಸುವುದು ದುಗ್ಧನಾಳಗಳ ಕೆಲಸ. ಹೀಗೆ ದಿನಕ್ಕೆ ಏನಿಲ್ಲವೆಂದರೂ ಎರಡು ಲೀಟರಿಗಿಂತ ಹೆಚ್ಚು ದ್ರವ ಹಿಂದಿರುಗುತ್ತದೆ. ಅಡಿಕೆ ತೋಟದವರಿಗೆ ಬಸಿಗಾಲುವೆ ಎಂದರೆ ಸಾಕು, ಬೇರೆ ವಿವರಣೆ ಬೇಡ. ಆದರೆ ತೋಟದ ಕಾಲುವೆಯಲ್ಲಿ ನೀರು ಇಳಿಜಾರಿಗೆ ಹರಿದರೆ ಕಾಲಿನ ದುಗ್ಧರಸ ಪಾದದಿಂದ ಎದೆಯವರೆಗೆ ಏರಬೇಕು. ಅದಕ್ಕೆ ಪ್ರತ್ಯೇಕ ಪಂಪಿಲ್ಲ. ನಾಳದ ಗೋಡೆಯೇ ಒಂದಿಷ್ಟು ಹಿಂಡಿಕೊಳ್ಳುತ್ತದೆ. ಒಳಗಿನ ಕವಾಟಗಳು ದ್ರವ ಹಿಂದೆ ಜಾರದಂತೆ ಹಿಡಿಯುತ್ತವೆ. ನಡೆದಾಗ ಮೀನಖಂಡದ ಸ್ನಾಯುವಿನ ಒತ್ತಡ, ಉಸಿರಾಡಿದಾಗ ಎದೆಗೂಡಿನ ಏರಿಳಿತ, ಚರ್ಮದ ಬಿಗಿ ಇವೆಲ್ಲ ಸೇರಿ ಅದನ್ನು ಮೇಲೆ ದೂಡುತ್ತವೆ.

ಈ ದಾರಿ ಎಲ್ಲೋ ಒಂದು ಕಡೆ ಕೆಟ್ಟಿತು ಎನ್ನಿ. ಫೈಲೇರಿಯಾ ಹುಳು ದುಗ್ಧನಾಳದಲ್ಲಿ ವರ್ಷಗಟ್ಟಲೆ ಮನೆ ಮಾಡಿ ನಾಳವನ್ನು ಹಿಗ್ಗಿಸಿ ಕವಾಟಗಳನ್ನು ಕೆಡಿಸಿರಬಹುದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿರಬಹುದು, ವಿಕಿರಣ ಕೊಟ್ಟಿರಬಹುದು. ಹುಟ್ಟಿನಿಂದಲೇ ನಾಳಗಳು ಕಡಿಮೆ ಇರುವವರೂ ಉಂಟು. ಮೊದಮೊದಲು ಸಂಜೆಗೆ ಊದಿದ ಕಾಲು ರಾತ್ರಿ ಮಲಗೆದ್ದರೆ ಇಳಿದಿರುತ್ತದೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ನಿಂತ ದ್ರವದಲ್ಲಿ ಪ್ರೋಟೀನ್ ಇರುವುದರಿಂದ ಅದು ಬರೀ ನೀರಾಗಿ ಉಳಿಯುವುದಿಲ್ಲ. ಸುತ್ತಲಿನ ಅಂಗಾಂಶ ಕೆರಳುತ್ತದೆ, ನಾರು ಬೆಳೆಯುತ್ತದೆ, ಕೊಬ್ಬು ಸೇರುತ್ತದೆ. ಕ್ರಮೇಣ ಒತ್ತಿದರೂ ಗುಳಿ ಬೀಳದಷ್ಟು ಗಟ್ಟಿಯಾಗಿ ಚರ್ಮ ದಪ್ಪವಾಗಿ ಮಡಿಕೆಗಳೆದ್ದು ಗಂಟುಗಂಟಾಗುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದ್ದು ಈ ಕಾರಣಕ್ಕೇ. ಅದು ನೀರನ್ನು ಕಳೆಯಬಲ್ಲದು, ಪ್ರೋಟೀನನ್ನಲ್ಲ, ನಾರನ್ನಂತೂ ಅಲ್ಲವೇ ಅಲ್ಲ. ಆದರೂ ಕಾಲೂತ ಎಂದೊಡನೆ ಆ ಮಾತ್ರೆ ಬರೆದುಕೊಡುವ ರೂಢಿ ಹೋಗಿಲ್ಲ.

ಕಾಲೂತವೆಲ್ಲ ಲಿಂಫಿಡೀಮಾ ಅಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಎರಡೂ ಕಾಲು ಒಟ್ಟಿಗೆ ಊದಿದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ಕಡೆ ಮೊದಲು ನೋಡಬೇಕು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಊದುತ್ತದೆ. ಒಂದೇ ಕಾಲು ಒಂದೆರಡು ದಿನದಲ್ಲಿ ಏಕಾಏಕಿ ಊದಿ ಮೀನಖಂಡ ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಎಣ್ಣೆ ಹಚ್ಚಿ ಉಜ್ಜುವುದು ಅಪಾಯ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಲಿಂಫಿಡೀಮಾ ಗುರುತಿಸಲು ಸ್ಟೆಮ್ಮರ್ ಎಂಬ ವೈದ್ಯರ ಹೆಸರಿನ ಸುಲಭ ಪರೀಕ್ಷೆಯೊಂದಿದೆ. ಕಾಲಿನ ಎರಡನೆಯ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿ ನೋಡಿ. ಎತ್ತಲು ಬಾರದಷ್ಟು ದಪ್ಪವಾಗಿದ್ದರೆ ದುಗ್ಧನಾಳದ ತೊಂದರೆಯೆಂದೇ ಬಹುತೇಕ ತಿಳಿಯಬಹುದು. ಚರ್ಮ ಎದ್ದು ಬಂದಿತೆಂದು ತೊಂದರೆ ಇಲ್ಲವೆನ್ನುವಂತಿಲ್ಲ, ಆರಂಭದಲ್ಲಿ ಅದು ಏಳುತ್ತದೆ.

ಎಲ್ಲಿ ಬೆಳೆದಿರಿ ಎಂದು ವೈದ್ಯರು ಕೇಳಿದರೆ ಅದು ಕುಶಲೋಪರಿಯಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆ ಬಾಲ್ಯ ಕಳೆದು, ನಾಸಿಕದ ಸಾತಪುರದ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ದುಡಿಯುವ ಒಬ್ಬಾತನನ್ನು ಊಹಿಸಿಕೊಳ್ಳಿ. ಸೊಳ್ಳೆ ಕಚ್ಚಿದ್ದು ಊರಿನಲ್ಲಿ, ಕಾಲು ಊದಿದ್ದು ಎಷ್ಟೋ ವರ್ಷಗಳ ಮೇಲೆ ನಾಸಿಕದಲ್ಲಿ. ನಿಂತೇ ಮಾಡುವ ಕೆಲಸ, ದಿನವಿಡೀ ಬೂಟು, ಒಳಗೆ ಬೆವರು. ನಿಂತು ನಿಂತು ಹೀಗಾಯಿತು ಎಂದು ಅವನೂ ಅಂದುಕೊಳ್ಳುತ್ತಾನೆ, ಅವನ ಮುಕಾದಮನೂ ಅಂದುಕೊಳ್ಳುತ್ತಾನೆ. ಕರ್ನಾಟಕದಲ್ಲಿ ಫೈಲೇರಿಯಾಕ್ಕೆ ಹೆಸರಾದದ್ದು ಎರಡು ಪಟ್ಟಿ: ಈಶಾನ್ಯದ ಬಯಲುಸೀಮೆ ಒಂದು, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿ ಇನ್ನೊಂದು. ಜೊತೆಗೆ ವಿಜಯಪುರ, ಬಾಗಲಕೋಟೆ. ಗಡಿಯಾಚೆಯ ಸೊಲ್ಲಾಪುರವೂ ಮಹಾರಾಷ್ಟ್ರದ ಇಂಥ ಜಿಲ್ಲೆಗಳ ಸಾಲಿನಲ್ಲಿದೆ. ಹುಳುವಿನ ಹೆಸರು ವುಚೆರೇರಿಯಾ ಬ್ಯಾಂಕ್ರಾಫ್ಟಿ. ಅದನ್ನು ಸಾಗಿಸುವುದು ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಮರಿಹುಳುಗಳು ರಕ್ತದ ಮೇಲ್‌ಹರಿವಿಗೆ ಬರುವುದು ರಾತ್ರಿ ಹೊತ್ತು, ಅದಕ್ಕೇ ರಕ್ತ ತೆಗೆಯುವವರು ರಾತ್ರಿ ಎಂಟೂವರೆಯ ಮೇಲೆ ಬರುತ್ತಾರೆ. ಮನುಷ್ಯನ ರಕ್ತದಲ್ಲಿ ಈ ಮರಿಹುಳುವನ್ನು ಟಿಮತಿ ಲೂಯಿಸ್ ಕಂಡದ್ದು ಕಲ್ಕತ್ತದಲ್ಲಿ, 1872ರಲ್ಲಿ. ಸೊಳ್ಳೆಯ ಪಾತ್ರವನ್ನು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದ ಅಮೋಯ್‌ನಲ್ಲಿ ತೋರಿಸಿದ್ದು 1877ರ ಹೊತ್ತಿಗೆ. ಮಲೇರಿಯಾಕ್ಕೂ ಸೊಳ್ಳೆಗೂ ನಂಟು ಕಟ್ಟುವುದಕ್ಕಿಂತ ಎಷ್ಟೋ ಮೊದಲಿನ ಮಾತು ಇದು. ಇನ್ನೂ ಹಿಂದೆ ಹೋದರೆ ಸುಶ್ರುತ ಸಂಹಿತೆಯಲ್ಲಿ ಇದು ಶ್ಲೀಪದ. ಹಳೆಯ ನೀರು ನಿಂತಿರುವ, ಎಲ್ಲ ಋತುಗಳಲ್ಲೂ ತಂಪಾಗಿರುವ ದೇಶಗಳಲ್ಲಿ ಈ ರೋಗ ಹೆಚ್ಚು ಎಂದು ಅಲ್ಲಿ ಹೇಳಿದೆ. ಸೊಳ್ಳೆಯ ಸುಳಿವಿಲ್ಲದಿದ್ದರೂ ನೋಟ ಚುರುಕಾಗಿತ್ತು.

ಊದಿದ ಕಾಲಿಗೆ ಬೇಕಾದ ಚಿಕಿತ್ಸೆಯನ್ನು ನೋಡಲು ಈಗ ಕಾಸರಗೋಡಿಗೆ ಬರೋಣ. ಪೇಟೆಯಿಂದ ಮಧೂರು ದೇವಸ್ಥಾನದ ಕಡೆಗೆ ಹೊರಟರೆ ಉಳಿಯತ್ತಡ್ಕ ಸಿಗುತ್ತದೆ. ಚರ್ಮವೈದ್ಯ ಡಾ. ಎಸ್.ಆರ್. ನರಹರಿ 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆ ಭಾಗದಲ್ಲಿದೆ. ಆಕ್ಸ್‌ಫರ್ಡಿನ ಚರ್ಮರೋಗ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಮೊದಲಿನಿಂದ ಇದರ ಬೆನ್ನಿಗೆ ನಿಂತವರು. ಲಿಂಫಿಡೀಮಾಕ್ಕೆ ಯುರೋಪಿನಲ್ಲಿ ಆಗಲೇ ಒಂದು ಪದ್ಧತಿ ಇತ್ತು. ಡೆನ್ಮಾರ್ಕಿನ ಎಮಿಲ್ ವೊಡರ್ 1930ರ ದಶಕದಲ್ಲಿ ರೂಪಿಸಿದ ಹಗುರ ಕೈಯ ಮಸಾಜು, ಅದರ ಮೇಲೆ ಪದರ ಪದರವಾಗಿ ಬಿಗಿಬಟ್ಟೆ, ವ್ಯಾಯಾಮ, ಚರ್ಮದ ಆರೈಕೆ. ತರಬೇತಾದ ಥೆರಪಿಸ್ಟ್ ವಾರಗಟ್ಟಲೆ ದಿನವೂ ಕೈಯಾರೆ ಮಾಡಬೇಕಾದ ಕೆಲಸ. ಗದ್ದೆ ಕೆಲಸಕ್ಕೆ ಹೋಗುವವಳಿಗೆ, ಬೀಡಿ ಕಟ್ಟುವವಳಿಗೆ ಅದು ಎಟುಕುವ ಮಾತಲ್ಲ. ರೋಗಿ ತಾನೇ ಮಾಡಿಕೊಳ್ಳುವಂಥದ್ದು, ಇಲ್ಲಿ ಸಿಗುವ ಸಾಮಾನಿನಲ್ಲಿ ಆಗುವಂಥದ್ದು ಏನಿದೆ ಎಂದು ಕಾಸರಗೋಡಿನವರು ಹುಡುಕಿದರು. ಅಲೋಪಥಿ, ಆಯುರ್ವೇದ, ಯೋಗದವರು ಒಂದೇ ಕೋಣೆಯಲ್ಲಿ ಕೂತು ಒಬ್ಬನೇ ರೋಗಿಯನ್ನು ನೋಡುವ ಏರ್ಪಾಡು ಹೀಗೆ ಬೆಳೆಯಿತು.

ಇದರ ಕ್ರಮ ಹೇಳಲು ಸುಲಭ. ಮೊದಲು ಕಾಲನ್ನು ಸಾಬೂನು ಹಾಕಿ ತೊಳೆಯುವುದು. ಬರೀ ನೀರು ಸುರಿದುಕೊಂಡರೆ ಸಾಲದು, ಪ್ರತಿ ಬೆರಳ ಸಂದು, ಪ್ರತಿ ಮಡಿಕೆ. ಆಮೇಲೆ ಒರೆಸಿ ಪೂರ್ತಿ ಒಣಗಿಸುವುದು. ನಂತರ ಫಾಂಟದಲ್ಲಿ ಕಾಲು ಮುಳುಗಿಸಿ ಕೂರುವುದು. ಕಷಾಯವನ್ನು ಕುದಿಸಿ ಬತ್ತಿಸಿದರೆ ಫಾಂಟವನ್ನು ಬಿಸಿನೀರಿಗೆ ಮೂಲಿಕೆಯ ಪುಡಿ ಹಾಕಿ ಸೋಸಿ ಮಾಡುತ್ತಾರೆ, ಮನೆಯಲ್ಲಿ ಸೌದೆ ಗ್ಯಾಸಿನ ಖರ್ಚು ಕಡಿಮೆ. ದಪ್ಪಗಟ್ಟಿದ ಚರ್ಮ ಮೆದುವಾದ ಮೇಲೆ ಉಸಿರಿಗೆ ಹೊಂದಿಸಿದ ಯೋಗ, ಎಣ್ಣೆ ಹಚ್ಚಿ ದುಗ್ಧರಸದ ದಾರಿ ಹಿಡಿದು ಮೇಲ್ಮುಖವಾಗಿ ಹಗುರವಾಗಿ ಸವರುವುದು, ಬ್ಯಾಂಡೇಜ್ ಸುತ್ತುವುದು, ಸುತ್ತಿದ ಮೇಲೆ ಮತ್ತೆ ಯೋಗ. ಬ್ಯಾಂಡೇಜ್ ಕಟ್ಟಿದ ಕಾಲನ್ನು ಆಡಿಸಿದಾಗ ಒಳಗಿನಿಂದ ಸ್ನಾಯು, ಹೊರಗಿನಿಂದ ಬಟ್ಟೆ ಎರಡೂ ಒತ್ತುತ್ತವೆ, ನಡುವೆ ಸಿಕ್ಕ ದ್ರವ ಮೇಲೇರದೆ ವಿಧಿಯಿಲ್ಲ. ಸುಮಾರು ಎರಡು ವಾರ ಅಲ್ಲಿಯೇ ಕಲಿತು, ಮುಂದೆ ಮನೆಯಲ್ಲಿ ತಾವೇ ಮುಂದುವರಿಸಿ ಮೂರು ತಿಂಗಳಿಗೆ ತೋರಿಸಲು ಬರಬೇಕು.

ನನಗೆ ಈ ಇಡೀ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮೂಲಿಕೆಯೂ ಅಲ್ಲ, ಆಸನವೂ ಅಲ್ಲ. ಬೆರಳ ಸಂದು. ಚಿಕಿತ್ಸೆ ಶುರು ಮಾಡುವಾಗಲೇ ಅವರು ಹುಡುಕುವುದು ಸೋಂಕು ಒಳನುಗ್ಗುವ ಬಾಗಿಲುಗಳನ್ನು: ಬೆರಳ ನಡುವಿನ ಬಿರುಕು, ಹಿಮ್ಮಡಿಯ ಒಡಕು, ಗಜಕರ್ಣ, ಇಸಬು, ಕೆರೆದ ಗಾಯ. ಸಿಕ್ಕ ಬಾಗಿಲನ್ನು ಮುಚ್ಚಲು ಅಲೋಪಥಿ ಮುಲಾಮು, ಮಾತ್ರೆಗಳನ್ನೇ ಬಳಸುತ್ತಾರೆ. ಇದಕ್ಕೆ ಇಷ್ಟು ಬೆಲೆ ಯಾಕೆಂದರೆ, ಆನೆಕಾಲನ್ನು ವರ್ಷದಿಂದ ವರ್ಷಕ್ಕೆ ದೊಡ್ಡದು ಮಾಡುವುದು ಮುಖ್ಯವಾಗಿ ಹುಳುವಲ್ಲ. ನಡುನಡುವೆ ನಡುಗಿಸುವ ಚಳಿಯೊಂದಿಗೆ ಜ್ವರ ಬಂದು, ಕಾಲು ಕೆಂಪಗೆ ಬಿಸಿಯಾಗಿ, ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ ಮೂರ್ನಾಲ್ಕು ದಿನ ಮಲಗಿಸಿಬಿಡುತ್ತದಲ್ಲ, ಅದು. ಹಳಬರು ಅದನ್ನು ಫೈಲೇರಿಯಾ ಜ್ವರವೆಂದು ಕರೆದು ಹುಳುವಿನ ಮಾತ್ರೆ ಕೊಡುತ್ತಿದ್ದರು. ಅದು ಬಹುಪಾಲು ಬ್ಯಾಕ್ಟೀರಿಯಾದ ಕೆಲಸ. ಸೋಸುವ ವ್ಯವಸ್ಥೆ ಕೆಟ್ಟ ಕಾಲಿಗೆ ಬೆರಳ ಸಂದಿನಿಂದ ನುಗ್ಗಿದ ಸ್ಟ್ರೆಪ್ಟೊಕಾಕಸ್ ಅಲ್ಲಿ ಎದುರಾಳಿಯಿಲ್ಲದೆ ಹಬ್ಬುತ್ತದೆ. ಪ್ರತಿ ಸಲವೂ ಉಳಿದ ನಾಳಗಳಲ್ಲಿ ಒಂದಷ್ಟು ಹಾಳು. ಜ್ವರ ಬಿಟ್ಟ ಮೇಲೆ ಕಾಲು ಹಿಂದಿನ ಅಳತೆಗೆ ಇಳಿಯುವುದಿಲ್ಲ.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ಕೆಸರುಹುಣ್ಣು ಯಾರಿಗೂ ರೋಗವೇ ಅಲ್ಲ. ಊದಿದ ಕಾಲಿನವರಿಗೆ ಅದೇ ಜ್ವರದ ಬಾಗಿಲು. ಈ ಕಾಲಿನವರು ಬಗ್ಗಿ ಬೆರಳ ಸಂದು ನೋಡಿಕೊಳ್ಳುವುದೂ ಕಷ್ಟ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೈಗನ್ನಡಿ ಹಿಡಿದು ನೋಡಬೇಕು, ಇಲ್ಲವೇ ಮನೆಯವರು ನೋಡಬೇಕು. ಮನೆಯವರಿಗೆ ಮುಟ್ಟಲು ಹಿಂಜರಿಕೆಯಿದ್ದರೆ ತಿಳಿಯಲಿ: ಊದಿದ ಕಾಲನ್ನು ಮುಟ್ಟಿದರೆ ಈ ರೋಗ ಅಂಟುವುದಿಲ್ಲ.

ಉಳಿಯತ್ತಡ್ಕದ ಆಸ್ಪತ್ರೆಯೊಳಗೆ ಆದದ್ದು ಹಳ್ಳಿಯಲ್ಲಿ ಆಗುತ್ತದೆಯೇ? ಇದನ್ನು ನೋಡಲು ಇವರು ಕಲಬುರಗಿ (ಆಗಿನ ಗುಲ್ಬರ್ಗ) ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳಲ್ಲಿ ಶಿಬಿರ ಹಾಕಿ ಜನರಿಗೆ ಕಲಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂರೂವರೆ ತಿಂಗಳು ಪೂರೈಸಿದವರು 730 ಮಂದಿ. ಚಿಕ್ಕ ಊತಗಳ ಗಾತ್ರ ಸರಾಸರಿ ನಾಲ್ಕನೇ ಒಂದು ಪಾಲಿನಷ್ಟು ಇಳಿದಿತ್ತು. ಜ್ವರದ ದಾಳಿಗಳೂ ತಗ್ಗಿದ್ದವು. ಒಂದು ತಕರಾರೂ ಇದೆ. ಇದರಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಸಾಬೂನು, ಫಾಂಟ, ಎಣ್ಣೆ, ಯೋಗ, ಬ್ಯಾಂಡೇಜ್ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಯಾವುದರ ಪಾಲೆಷ್ಟು ಎಂದು ಬಿಡಿಸಲಾಗದು. ಆಯುರ್ವೇದದ ಅಭಿಮಾನಿಗಳು ಇದನ್ನು ಮೂಲಿಕೆಯ ಗೆಲುವೆಂದು ಮೆರೆಸುವುದೂ, ವಿರೋಧಿಗಳು ಎಲ್ಲವೂ ಬ್ಯಾಂಡೇಜಿನದೇ ಎಂದು ತಳ್ಳಿಹಾಕುವುದೂ ಈ ಪುರಾವೆಯ ಆಚೆಗಿನ ಮಾತುಗಳು.

ತೊಳೆಯುವುದರ ಪಾಲು ದೊಡ್ಡದೆಂಬುದಕ್ಕೆ ಮಾತ್ರ ಬೇರೆಡೆಯಿಂದ ಒಳ್ಳೆಯ ಸಾಕ್ಷಿ ಇದೆ. ಡಾಕ್ಸಿಸೈಕ್ಲಿನ್ ಮಾತ್ರೆ ಆನೆಕಾಲಿನ ಊತವನ್ನು ತಗ್ಗಿಸೀತೆಂಬ ಆಸೆಯಿಂದ ಭಾರತ, ಶ್ರೀಲಂಕಾ, ಮಾಲಿಗಳಲ್ಲಿ ಪರೀಕ್ಷೆ ನಡೆಯಿತು. ಕೆಲವರಿಗೆ ನಿಜ ಮಾತ್ರೆ, ಕೆಲವರಿಗೆ ಅದೇ ರೂಪದ ಖಾಲಿ ಮಾತ್ರೆ, ಎಲ್ಲರಿಗೂ ಕಾಲು ತೊಳೆಯುವ ಪಾಠ. ಎರಡು ವರ್ಷದ ಕೊನೆಗೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ, ಎರಡೂ ಕಡೆ ಜ್ವರದ ದಾಳಿ ಕಡಿಮೆಯಾಗಿತ್ತು. ಮಾತ್ರೆಯ ಪರೀಕ್ಷೆಯಾಗಿ ಅದು ಸೋತಿತು, ಬಕೆಟ್ಟು ಮತ್ತು ಸಾಬೂನು ಗೆದ್ದವು. ಇಂಥ ಸುದ್ದಿಗೆ ಪತ್ರಿಕೆಗಳ ಮುಖಪುಟದಲ್ಲಿ ಜಾಗ ಸಿಗುವುದಿಲ್ಲ.

ಸ್ತನ ಕ್ಯಾನ್ಸರಿನ ನಂತರದ ಕೈಯೂತಕ್ಕೆ ಹುಳುವಿನ ಸಂಬಂಧವಿಲ್ಲ, ತತ್ವ ಮಾತ್ರ ಒಂದೇ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಈಗಿನ ಕ್ರಮದಲ್ಲಿ ಬಹಳ ಕಡಿಮೆ. ಬಳೆ ಬಿಗಿಯಾಯಿತು, ರವಿಕೆಯ ತೋಳು ಹಿಡಿಯಿತು ಎಂಬಲ್ಲಿಂದ ಶುರು. ಆ ಹಂತದಲ್ಲೇ ಹೇಳಿಕೊಂಡರೆ ಅಳತೆಗೆ ಸರಿಯಾದ ಬಿಗಿತೋಳು ಹಾಕಿ ಹದ್ದುಬಸ್ತಿಗೆ ತರಬಹುದು. ಕ್ಯಾನ್ಸರ್ ಹೋಯಿತಲ್ಲ, ಕೈಯೂತಕ್ಕೆಲ್ಲ ಗೋಳಾಡಬೇಡ ಎನ್ನುವ ಮನೆಗಳಲ್ಲಿ ಹೆಂಗಸರು ಸುಮ್ಮನಾಗುತ್ತಾರೆ. ಆ ಕೈಯಲ್ಲಿ ಕೊಡ ಎತ್ತಬೇಡ, ಕೆಲಸ ಮಾಡಬೇಡ ಎಂದು ಜೀವಮಾನವಿಡೀ ಕೂರಿಸುವುದೂ ಸರಿಯಲ್ಲ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ ಕೈಯೂತವಿದ್ದ ಹೆಂಗಸರು ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸಿಕೊಂಡು ವ್ಯಾಯಾಮ ಮಾಡಿದರು. ಊತ ಹೆಚ್ಚಲಿಲ್ಲ, ಉಪದ್ರವ ಕಡಿಮೆಯಾಯಿತು.

ಮನೆಯಲ್ಲಿ ಮಾಡಿಕೊಳ್ಳುವಾಗ ಕೆಲವು ಎಚ್ಚರಿಕೆ ಬೇಕು. ಎಣ್ಣೆ ಹಾಕಿ ಗಟ್ಟಿಯಾಗಿ ನೀವಿಸಿಕೊಂಡರೆ ಊತ ಕರಗುತ್ತದೆಂಬುದು ತಪ್ಪು. ದುಗ್ಧನಾಳಗಳ ಬಲೆ ಚರ್ಮದ ಅಡಿಯಲ್ಲೇ ಇದೆ, ಅದಕ್ಕೆ ಹಗುರ ಕೈ ಸಾಕು. ಬ್ಯಾಂಡೇಜಿನ ಬಿಗಿ ಪಾದದ ಬಳಿ ಹೆಚ್ಚು, ಮೇಲೇರಿದಂತೆ ಕಡಿಮೆ ಇರಬೇಕು. ಮೀನಖಂಡದಲ್ಲಿ ಬಿಗಿಯಾಗಿ ಪಾದದಲ್ಲಿ ಸಡಿಲವಾದರೆ ಪಾದ ಇನ್ನಷ್ಟು ಊದುತ್ತದೆ. ಸಕ್ಕರೆ ಕಾಯಿಲೆ ಹಳೆಯದಾಗಿದ್ದವರು, ಬೀಡಿ ಸಿಗರೇಟು ಸೇದುವವರು ಬ್ಯಾಂಡೇಜ್ ಸುತ್ತುವ ಮೊದಲು ಕಾಲಿನ ರಕ್ತದ ಹರಿವು ಚೆನ್ನಾಗಿದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ಹರಿವು ಕುಂದಿದ ಕಾಲಿಗೆ ಬಿಗಿ ಕಟ್ಟಿದರೆ ಬೆರಳುಗಳು ಕಪ್ಪಾದಾವು. ಹೃದಯ ಸೋತವರಿಗೂ ಇದೇ ಮಾತು. ಚಳಿಜ್ವರ ಬಂದ ದಿನ ಬ್ಯಾಂಡೇಜ್ ಬಿಚ್ಚಿ, ಯೋಗ, ಮಸಾಜು ನಿಲ್ಲಿಸಿ, ಕಾಲನ್ನು ತುಸು ಎತ್ತರಕ್ಕಿಟ್ಟು ತಣ್ಣೀರಿನ ಬಟ್ಟೆ ಹಾಕಿ ಮಲಗಬೇಕು, ಬೇಗ ವೈದ್ಯರಿಗೆ ತೋರಿಸಿ ಆ್ಯಂಟಿಬಯಾಟಿಕ್ ಶುರು ಮಾಡಬೇಕು. ಸೊಪ್ಪು ಅರೆದು ಕಟ್ಟುವುದು, ಬರೆ ಹಾಕುವುದು, ಚುಚ್ಚಿ ನೀರು ತೆಗೆಸುವುದು ಬೇಡ. ಆಗಾಗ ಮರುಕಳಿಸಿದರೆ ತಿಂಗಳುಗಟ್ಟಲೆ ಕಡಿಮೆ ಪ್ರಮಾಣದ ಪೆನ್ಸಿಲಿನ್ ಕೊಟ್ಟು ತಡೆಯುವ ದಾರಿ ಇದೆ.

ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳುತ್ತಾರೆ. ದುಗ್ಧನಾಳವನ್ನು ಸೂಕ್ಷ್ಮದರ್ಶಕದಡಿ ಅಭಿಧಮನಿಗೆ ಜೋಡಿಸುವುದು, ಬೇರೆಡೆಯ ಗ್ರಂಥಿ ತಂದು ನೆಡುವುದು ಈಗ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತಿದೆ. ಆರಿಸಿದ ಕೆಲವರಿಗೆ ಅದರಿಂದ ಪ್ರಯೋಜನವೂ ಇದೆ. ಆದರೆ ಆಪರೇಷನ್ ಆದ ಮೇಲೂ ಹೆಚ್ಚಿನವರಿಗೆ ಬಿಗಿಬಟ್ಟೆ, ಚರ್ಮದ ಆರೈಕೆ ತಪ್ಪುವುದಿಲ್ಲ. ಒಂದೇ ಸಲಕ್ಕೆ ಶಾಶ್ವತ ಗುಣ ಎಂದು ಬೋರ್ಡು ಹಾಕಿದ ಕಡೆ ದುಡ್ಡು ಸುರಿಯುವ ಮುನ್ನ, ಆಮೇಲೆ ಬ್ಯಾಂಡೇಜ್ ಬೇಕಾಗುತ್ತದೆಯೇ ಎಂಬ ಒಂದೇ ಪ್ರಶ್ನೆ ಕೇಳಿ ನೋಡಿ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಬಿಟ್ಟುಬಿಡುತ್ತಾರೆ ಎಂದರೆ, ಹೊತ್ತು ಬೇಕು. ತೊಳೆದು, ಒಣಗಿಸಿ, ನೆನೆಸಿ, ಸವರಿ, ಸುತ್ತಿ ಏಳುವಷ್ಟರಲ್ಲಿ ಬೆಳಗಿನ ದೊಡ್ಡ ಪಾಲು ಕಳೆದಿರುತ್ತದೆ. ಕೂಲಿಯವಳಿಗೆ ಅದು ಕೂಲಿಯ ಹೊತ್ತು. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲಿಗೆ ಪದರ ಪದರ ಬ್ಯಾಂಡೇಜ್ ಕಟ್ಟಿಕೊಂಡು ತೊಗರಿ ಹೊಲಕ್ಕೆ ಹೋಗು ಎನ್ನುವುದು ಹೇಳುವವರಿಗೆ ಹಗುರ. ನೀರಿಗೂ ತತ್ವಾರವಿರುವ ಕಡೆ ದಿನವೂ ಬಕೆಟ್ ನೀರು ಕಾಲಿಗೇ ಮೀಸಲಿಡಬೇಕು. ಎಲ್ಲ ಮಾಡಲಾಗದಿದ್ದರೆ ಎಲ್ಲವನ್ನೂ ಬಿಡಬೇಕೆಂದಿಲ್ಲ. ತೊಳೆಯುವುದು, ಒಣಗಿಸುವುದು, ಸಂದಿಗೆ ಮುಲಾಮು ಇಷ್ಟಾದರೂ ದಿನವೂ ನಡೆದರೆ ಜ್ವರದ ದಾಳಿ ತಗ್ಗುತ್ತದೆ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ರಾತ್ರಿ ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸುವುದು ಖರ್ಚಿಲ್ಲದ ಕೆಲಸಗಳು.

ಸರ್ಕಾರ ಆನೆಕಾಲು ರೋಗವನ್ನು 2027ರೊಳಗೆ ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿದೆ. ಹರಡುವುದು ನಿಂತರೂ ಆಗಲೇ ಊದಿರುವ ಕಾಲುಗಳು ಇನ್ನೂ ದಶಕಗಳ ಕಾಲ ನಮ್ಮ ನಡುವೆ ಇರುತ್ತವೆ. ಅವರಿಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಕಿಟ್ ಕೊಡುವ ವ್ಯವಸ್ಥೆ ಇದೆ. ಟಬ್ಬು, ಮಗ್ಗು, ಸಾಬೂನು, ಟವೆಲ್ಲು, ಮುಲಾಮು ಸಾಮಾನ್ಯವಾಗಿ ಅದರಲ್ಲಿರುತ್ತವೆ. ಕೊಡದಿದ್ದರೆ ಕೇಳಿ ಪಡೆಯಬೇಕು, ಹೇಗೆ ತೊಳೆಯುವುದೆಂದು ಒಮ್ಮೆ ಮಾಡಿ ತೋರಿಸಲೂ ಕೇಳಬೇಕು. ಬ್ಯಾಂಡೇಜಿನದು ಬೇರೆ ಕತೆ. ದಿನವೂ ಬಳಸಿ ಒಗೆದ ಬಟ್ಟೆ ಕೆಲವು ತಿಂಗಳಲ್ಲಿ ಎಳೆತ ಕಳೆದುಕೊಳ್ಳುತ್ತದೆ, ಹೊಸದು ಕೊಳ್ಳಬೇಕು, ಹೀಗೆ ಜೀವಮಾನವಿಡೀ. ವರ್ಷಕ್ಕೊಮ್ಮೆ ಕೋಟಿಗಟ್ಟಲೆ ಜನರಿಗೆ ಮಾತ್ರೆ ನುಂಗಿಸುವಷ್ಟು ದೊಡ್ಡ ಯಂತ್ರಾಂಗ ಇರುವ ದೇಶಕ್ಕೆ, ಆಗಲೇ ಪಟ್ಟಿಯಲ್ಲಿ ಹೆಸರಿರುವ ರೋಗಿಗೆ ವರ್ಷಕ್ಕೆ ಕೆಲವು ಜೊತೆ ಬ್ಯಾಂಡೇಜ್ ತಲುಪಿಸುವುದು ಅಷ್ಟು ಕಷ್ಟದ ಲೆಕ್ಕವಲ್ಲ. ಮುಂದಿನ ಸಲ ಮಾತ್ರೆ ಹಂಚುವವರು ಬಾಗಿಲಿಗೆ ಬಂದಾಗ ನುಂಗಿದ ಮೇಲೆ ಇದನ್ನೂ ಕೇಳಿ.